ಹೇಳದೆ ಕೊಟ್ಟ ಮದ್ದು

ಫೋನಿನಲ್ಲಿ ನಾನು "ಹಲೋ" ಎಂದರೆ ಆ ಕಡೆಯವರು "ನಮಸ್ಕಾರ ಸಾರ್" ಎನ್ನುತ್ತಾರೆ. ಇಪ್ಪತ್ತೈದು ವರ್ಷಗಳಿಂದ ಹೀಗೇ. ಗ್ಯಾಸ್ ಏಜೆನ್ಸಿಯ ಹುಡುಗಿ, ಬ್ಯಾಂಕಿನವರು, ಹೊಸದಾಗಿ ಶಾಲೆಗೆ ಸೇರಿದ ಮಕ್ಕಳ ಅಪ್ಪಂದಿರು, ಎಲ್ಲರೂ ನನ್ನನ್ನು ಸಾರ್ ಮಾಡಿದವರೇ. ಮೊದಮೊದಲು "ಸಾರ್ ಅಲ್ಲ, ಟೀಚರ್" ಎಂದು ತಿದ್ದುತ್ತಿದ್ದೆ. ತಿದ್ದುವುದೇ ಹೊಟ್ಟೆಪಾಡಾದವಳು ನಾನು. ಆದರೂ ಈ ಒಂದು ತಪ್ಪನ್ನು ತಿದ್ದಿ ತಿದ್ದಿ ಸೋತು ಬಿಟ್ಟುಬಿಟ್ಟಿದ್ದೇನೆ.

ನನ್ನ ಸ್ವರ ಹುಟ್ಟಿನಿಂದ ಹೀಗಿರಲಿಲ್ಲ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಹೇಳಿಕೊಡುತ್ತಿದ್ದವಳು ನಾನು. ಮದುವೆ ಮನೆಗೆ ಹೋದರೆ ಹಿರಿಯ ಹೆಂಗಸರು ಕೈ ಹಿಡಿದು ಕೂರಿಸಿಕೊಂಡು "ಒಂದು ಶೋಭಾನೆ ಹೇಳು ಮಗಾ" ಎನ್ನುತ್ತಿದ್ದರು. ದೊಡ್ಡ ಗಾಯಕಿ ಎಂದಲ್ಲ. ನಾಲ್ಕು ಜನ ಕೇಳುವಂತಿತ್ತು, ಅಷ್ಟೆ. ಆದರೆ ಅದು ನನ್ನದಾಗಿತ್ತು.

1999ರ ಮಳೆಗಾಲ. ಮುಟ್ಟಿನ ದಿನಗಳಲ್ಲಿ ನೆಲ ಹಿಡಿದು ಮಲಗುವಷ್ಟು ಹೊಟ್ಟೆನೋವು ನನಗೆ. ಕುಂದಾಪುರ, ಬ್ರಹ್ಮಾವರ ಎಲ್ಲ ಸುತ್ತಿ, ಕಡೆಗೆ ಒಂದು ದೊಡ್ಡ ಊರಿನ ವೈದ್ಯರ ಹತ್ತಿರ ಹೋದೆವು. ಹೊಟ್ಟೆಗೆ ಸಣ್ಣ ತೂತು ಮಾಡಿ ಒಳಗೆ ನೋಡಿ ಹೇಳಿದರು: ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪೊರೆಯಂಥದೇ ಪೊರೆ ಗರ್ಭಕೋಶದ ಹೊರಗೆ ಬೆಳೆದು ನೋವು ಕೊಡುವ ಕಾಯಿಲೆ. ಆರು ತಿಂಗಳ ಮಾತ್ರೆ ಬರೆದರು. "ದಿನಾ ತಪ್ಪದೆ ತಗೊಳ್ಳಿ, ಮುಟ್ಟು ನಿಲ್ಲುತ್ತದೆ, ಹೆದರಬೇಡಿ" ಎಂದರು. ಅಷ್ಟೇ. ಮುಂದಿನ ಟೋಕನ್ ಕರೆದಾಯಿತು.

ಆ ಮಾತ್ರೆಯ ಹೆಸರು ಡೆನಜಾಲ್.

ಎರಡನೆಯ ತಿಂಗಳಿಗೆ ಮುಖದ ತುಂಬ ಮೊಡವೆ. ಮೂವತ್ತರ ವಯಸ್ಸಿನಲ್ಲಿ ಮೊಡವೆ ಎಂದು ನಮ್ಮನೆಯವರು ನಕ್ಕರು, ನಾನೂ ನಕ್ಕೆ. ಮೂರನೆಯ ತಿಂಗಳಿಗೆ ಮೇಲ್ತುಟಿಯ ಮೇಲೆ ಕೂದಲು ಕಪ್ಪಾಗತೊಡಗಿತು. ಅದೇ ಹೊತ್ತಿಗೆ ಒಂದು ದಿನ ಪ್ರಾರ್ಥನೆಯ ಎತ್ತರದ ಸ್ವರಕ್ಕೆ ಹೋದವಳು ಅಲ್ಲೇ ಒಡೆದು ನಿಂತೆ. ಮಕ್ಕಳು ಕಿಸಕ್ಕನೆ ನಕ್ಕವು. ಶೀತ ಎಂದುಕೊಂಡೆ. ಚಾಕ್ ಪೀಸಿನ ಹುಡಿ ಎಂದುಕೊಂಡೆ. ಕರಿಮೆಣಸಿನ ಕಷಾಯ ಕುಡಿದೆ, ಜ್ಯೇಷ್ಠಮಧು ಜಗಿದೆ, ಮತ್ತು ಆ ಮಾತ್ರೆಯನ್ನು ಮಾತ್ರ ಹೇಳಿದ ಹಾಗೆ, ದಿನಾ ತಪ್ಪದೆ, ನುಂಗುತ್ತಲೇ ಇದ್ದೆ. ಐದನೆಯ ತಿಂಗಳು ಕಿವಿ-ಮೂಗು-ಗಂಟಲಿನ ವೈದ್ಯರೊಬ್ಬರು ನನ್ನ ಗಂಟಲು ನೋಡುವ ಮೊದಲು ಕೇಳಿದ ಪ್ರಶ್ನೆ ಒಂದೇ: "ಯಾವ ಮಾತ್ರೆ ತಗೊಳ್ತಾ ಇದ್ದೀರಿ?"

ಮಾತ್ರೆ ನಿಲ್ಲಿಸಿದ ಮೇಲೆ ಮೊಡವೆ ಹೋಯಿತು. ಕೂದಲೂ ಕಡಿಮೆಯಾಯಿತು. ಸ್ವರ ಮಾತ್ರ ಮರಳಲಿಲ್ಲ. ಆ ವರ್ಷದ ಹುಡುಗರು ನನಗೊಂದು ಹೆಸರಿಟ್ಟರು: "ಬಣ್ಣದ ವೇಷ." ಯಕ್ಷಗಾನದ ಊರಿನ ಮಕ್ಕಳಲ್ಲವೇ, ಆರ್ಭಟ ಕೊಡುವ ರಾಕ್ಷಸ ವೇಷಕ್ಕೂ ನನ್ನ ಸ್ವರಕ್ಕೂ ಹೋಲಿಕೆ ಕಂಡಿತು. ಮಕ್ಕಳ ಮೇಲೆ ಸಿಟ್ಟಿಲ್ಲ. ಹೋಲಿಕೆ ಸರಿಯಾಗಿಯೇ ಇತ್ತು.

ಇದನ್ನೆಲ್ಲ ಈಗೇಕೆ ಬರೆಯುತ್ತಿದ್ದೇನೆ? ಹಳೆಯ ಗಾಯ ಕೆರೆದುಕೊಳ್ಳಲು ಅಲ್ಲ. ನನ್ನನ್ನು ಕೆಡಿಸಿದ್ದು ಆ ಮದ್ದಲ್ಲ, ಆ ಮದ್ದಿನ ಬಗ್ಗೆ ಆಡದೆ ಉಳಿದ ಎರಡು ಮಾತು ಎಂದು ಹೇಳಲು. ಆ ಎರಡು ಮಾತನ್ನು ನುಂಗಿಕೊಳ್ಳುವ ಅಭ್ಯಾಸ ಇಂದಿಗೂ ನಮ್ಮ ಸುತ್ತ ಹಾಗೆಯೇ ಇದೆ.

ಮೊದಲು ಈ ಮದ್ದುಗಳ ಕುಲಗೋತ್ರ ತಿಳಿಯೋಣ. ಗಂಡಿನ ದೇಹದಲ್ಲಿ ಗಡ್ಡ, ಗಡಸು ದನಿ, ಮಾಂಸಖಂಡ ತರುವ ಹಾರ್ಮೋನುಗಳಿಗೆ ಆಂಡ್ರೊಜನ್ ಎಂದು ಹೆಸರು. ಅವುಗಳಲ್ಲಿ ಮುಖ್ಯವಾದದ್ದು ಟೆಸ್ಟೊಸ್ಟೆರಾನ್. ಹೆಂಗಸರ ದೇಹದಲ್ಲಿಯೂ ಅದು ಇದೆ, ಬಹಳ ಕಡಿಮೆ ಪ್ರಮಾಣದಲ್ಲಿ. 1935ರಲ್ಲಿ ಅದನ್ನು ಹೋರಿಯ ವೃಷಣದಿಂದ ಬೇರ್ಪಡಿಸಿದರು. ಅದೇ ವರ್ಷ ಪ್ರಯೋಗಶಾಲೆಯಲ್ಲಿ ತಯಾರಿಸಿಯೂ ಬಿಟ್ಟರು. ಹಾಗೆ ತಯಾರಿಸಿದ ಬೂಟೆನಾಂಟ್ ಮತ್ತು ರುಜಿಕಾ ಎಂಬ ಇಬ್ಬರು ವಿಜ್ಞಾನಿಗಳಿಗೆ 1939ರ ನೊಬೆಲ್ ಪ್ರಶಸ್ತಿ. ಆಮೇಲೆ ಅದರ ಅಣ್ಣತಮ್ಮಂದಿರು, ದಾಯಾದಿಗಳು ಒಬ್ಬೊಬ್ಬರಾಗಿ ಬಂದರು: ನ್ಯಾಂಡ್ರೊಲೋನ್, ಸ್ಟ್ಯಾನೊಜೊಲಾಲ್, ಮಿಥ್ಯಾಂಡಿಯನೋನ್. ನನ್ನ ಡೆನಜಾಲ್ ಕೂಡ ಇದೇ ಮನೆತನದ್ದು.

ಈ ಮನೆತನದಲ್ಲಿ ಎಲ್ಲರೂ ದುಷ್ಟರು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಬೇರೆ ಇದ್ದಾರೆ, ಅವರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬನಿದ್ದ. ಜೊತೆಯವರಿಗೆಲ್ಲ ಮೀಸೆ ಚಿಗುರಿದರೂ ಇವನು ಐದನೇ ಕ್ಲಾಸಿನವನ ಹಾಗೆ. ಸ್ವರ ಹೆಣ್ಣುಮಕ್ಕಳದು. ಹಾಜರಿ ಕರೆದರೆ "ಪ್ರೆಸೆಂಟ್" ಎನ್ನಲು ಹೆದರಿ ಕೈ ಮಾತ್ರ ಎತ್ತುತ್ತಿದ್ದ. ಅವನ ತಾಯಿಯನ್ನು ಕರೆದು, ಹಾರ್ಮೋನ್ ವೈದ್ಯರಿಗೆ ತೋರಿಸಿ ಎಂದೆ. ಬೆಳಗಿನ ಹೊತ್ತು ರಕ್ತ ಪರೀಕ್ಷೆಯಾಯಿತು, ಎಲುಬಿನ ವಯಸ್ಸು ತಿಳಿಯಲು ಕೈಯ ಎಕ್ಸ್‌ರೇ ಆಯಿತು. ತಿಂಗಳಿಗೊಂದು ಸಣ್ಣ ಪ್ರಮಾಣದ ಟೆಸ್ಟೊಸ್ಟೆರಾನ್ ಇಂಜೆಕ್ಷನ್, ಕೆಲವು ತಿಂಗಳು ಮಾತ್ರ ಎಂದು ವೈದ್ಯರು ಹೇಳಿದರು. ಮನೆಯಲ್ಲಿ ಅಜ್ಜಿಯ ಗಲಾಟೆ ಶುರುವಾಯಿತು: "ಅದ್ ಬ್ರಾಯ್ಲರ್ ಕೋಳಿಗ್ ಚುಚ್ಚುದಲ್ದಾ? ನಮ್ ಮಾಣಿಗ್ ಬೇಡ!"

ಆ ವೈದ್ಯರು ಏನು ಮಾಡಿದರು ಗೊತ್ತೇ? ಅಜ್ಜಿಯನ್ನೇ ಕರೆಸಿಕೊಂಡರು. ಒಂದು ಹಾಳೆಯ ಮೇಲೆ ಮೆದುಳು, ಅದರ ಕೆಳಗಿನ ಗ್ರಂಥಿ, ವೃಷಣ ಎಲ್ಲ ಗೀಟು ಗೀಟಾಗಿ ಬರೆದು, "ಅಜ್ಜೀ, ಗದ್ದೆಗೆ ನೀರು ಬರುವ ತೋಡಿನಲ್ಲಿ ಮಣ್ಣು ನಿಂತಿದೆ. ಒಂದು ಸಲ ಬಿಡಿಸಿದರೆ ಆಮೇಲೆ ತಾನಾಗಿ ಹರಿಯುತ್ತದೆ" ಎಂದರು. ಮೊಡವೆ ಬರಬಹುದು, ಸಿಟ್ಟು ಬರಬಹುದು, ಪ್ರಮಾಣ ಹೆಚ್ಚಾದರೆ ಎತ್ತರ ಬೇಗ ನಿಂತುಹೋಗಬಹುದು, ಅದಕ್ಕೇ ಸಣ್ಣ ಪ್ರಮಾಣ ಎಂದೂ ಹೇಳಿದರು. ಹತ್ತು ನಿಮಿಷ ಹಿಡಿಯಿತು. ಮುಂದಿನ ವರ್ಷ ಆ ಹುಡುಗ ಅಂಕಪಟ್ಟಿ ಒಯ್ಯಲು ಬಂದವನು ಬಾಗಿಲಲ್ಲಿ ನಿಂತು "ಟೀಚರ್" ಎಂದ. ಸ್ವರ ಒಡೆದು ಗಡಸಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ನನ್ನ ದನಿ ಕೆಡಿಸಿದ ಮನೆತನದ ಮದ್ದೇ ಅವನ ದನಿಯನ್ನು ಅವನಿಗೆ ಕೊಟ್ಟಿತ್ತು. ವ್ಯತ್ಯಾಸ ಆ ಹತ್ತು ನಿಮಿಷದ್ದು.

ಈಗ ಇನ್ನೊಬ್ಬ ಶಿಷ್ಯನ ಕಥೆ. ಗಂಗೊಳ್ಳಿಯ ಕಡೆಯ ತಾಯಿಯೊಬ್ಬಳು ಒಂದು ಸಂಜೆ ಮನೆಗೆ ಬಂದು, ಕಾಫಿಯನ್ನೂ ಕುಡಿಯದೆ, ಸೆರಗಿನಲ್ಲಿ ಕಟ್ಟಿ ತಂದ ಪೊಟ್ಟಣ ಬಿಚ್ಚಿದಳು. ಎರಡು ಸಿರಿಂಜ್, ಒಂದು ಸಣ್ಣ ಬಾಟಲಿ. ಮಗನ ಜಿಮ್ ಚೀಲದಲ್ಲಿ ಸಿಕ್ಕಿದ್ದು. "ಕೇಳ್ರೆ ಶಕ್ತಿ ಇಂಜೆಕ್ಷನ್ ಅಂತ ಟೀಚರೇ. ಓದಿ ಹೇಳಿ" ಎಂದಳು. ಓದಿದೆ: ನ್ಯಾಂಡ್ರೊಲೋನ್. ಹುಡುಗನಿಗೆ ಇಪ್ಪತ್ನಾಲ್ಕು ವರ್ಷ, ಮದುವೆಯ ಮಾತುಕತೆ ನಡೆಯುತ್ತಿತ್ತು. ವಾರಕ್ಕೊಮ್ಮೆ ಚುಚ್ಚಿಕೊಳ್ಳುತ್ತಿದ್ದನಂತೆ, ವೈದ್ಯರ ಚೀಟಿಯೂ ಇಲ್ಲ, ಬಿಲ್ಲೂ ಇಲ್ಲ. ತೋಳು ದಪ್ಪವಾಗಿತ್ತು ನಿಜ. ಜೊತೆಗೆ ಎದೆ ಹೆಂಗಸರಂತೆ ಉಬ್ಬಿ, ಕೆರೆಗೆ ಈಜಲು ಹೋಗುವುದನ್ನೇ ಬಿಟ್ಟಿದ್ದ. ಪರೀಕ್ಷೆ ಮಾಡಿಸಿದಾಗ ವೀರ್ಯಾಣುಗಳ ಲೆಕ್ಕ ಸೊನ್ನೆಯ ಹತ್ತಿರ.

ಇದು ಹೇಗಾಗುತ್ತದೆ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಡ. ಹೊರಗಿನಿಂದ ಹಾರ್ಮೋನ್ ಸುರಿಯುತ್ತಿದ್ದರೆ, ಮನೆಗೆ ಸಾಕಷ್ಟು ಅಕ್ಕಿ ಬಂತು ಎಂದು ಮೆದುಳು ತಿಳಿದು, ಒಳಗಿನ ಬೇಸಾಯ ನಿಲ್ಲಿಸಲು ಆಜ್ಞೆ ಕೊಡುತ್ತದೆ. ವೃಷಣ ಸಣ್ಣದಾಗುತ್ತದೆ, ವೀರ್ಯ ಬತ್ತುತ್ತದೆ. ಬಂದ ಹಾರ್ಮೋನಿನ ಒಂದು ಪಾಲು ಹೆಣ್ಣು ಹಾರ್ಮೋನಾಗಿ ಮಾರ್ಪಟ್ಟು ಎದೆ ಉಬ್ಬುತ್ತದೆ. ರಕ್ತ ಮಂದವಾಗುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ, ಹೃದಯಕ್ಕೆ ಕುತ್ತು ಬರಬಹುದು. ಮಾತ್ರೆಯ ರೂಪದಲ್ಲಿ ನುಂಗುವ ಕೆಲವು ಜಾತಿಗಳು ಪಿತ್ತಕೋಶವನ್ನಲ್ಲ, ಯಕೃತ್ತನ್ನೇ ಹಾಳು ಮಾಡುತ್ತವೆ. ಒಬ್ಬರ ಸೂಜಿ ಇನ್ನೊಬ್ಬರು ಬಳಸಿದರೆ ಬರುವ ರೋಗಗಳು ಬೇರೆ. ಗಂಡಸಾಗಲು ಹೋಗಿ ಗಂಡಸುತನ ಕಳಕೊಳ್ಳುವ ಮದ್ದು ಇದು. ಗಂಗೊಳ್ಳಿಯಲ್ಲಿ ಬಲೆ ಎಳೆದವರ ತೋಳು, ವಂಡಾರು ಕಂಬಳದಲ್ಲಿ ಕೋಣದ ಹಿಂದೆ ಓಡಿದವರ ತೊಡೆ ನೋಡಿ ಬೆಳೆದ ಊರಿನಲ್ಲಿ ಬಾಟಲಿಯಿಂದ ತೋಳು ತರಬೇಕೆ?

ಆ ಹುಡುಗನನ್ನು ನಾನು ಕೇಳಿದೆ, "ಇದರಿಂದ ಹೀಗಾಗುತ್ತದೆ ಎಂದು ಯಾರಾದರೂ ಹೇಳಿದ್ದರೇನೋ?" ತಲೆ ತಗ್ಗಿಸಿ ಹೇಳಿದ: "ಇಲ್ಲ ಟೀಚರ್. ಪ್ರೊಟೀನ್ ಇದ್ದ ಹಾಗೆ ಅಂದ್ರು."

ಕೇಳಿಸಿತೇ? ನನಗೆ ಹೇಳದೆ ಕೊಟ್ಟವರು ಓದಿದ ವೈದ್ಯರು. ಅವನಿಗೆ ಹೇಳದೆ ಕೊಟ್ಟವರು ಮದ್ದಿನ ಗಂಧ ತಿಳಿಯದವರು. ಇಬ್ಬರೂ ಕೊಟ್ಟದ್ದು ಒಂದೇ ಕುಟುಂಬದ ಮದ್ದು, ಒಂದೇ ಮೌನ.

ಈ ಮೌನದ ಬೆಲೆ ನಮ್ಮ ತಾಲೂಕಿಗೆ ಹೊಸದಲ್ಲ. ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ನೆನಪಿಲ್ಲವೇ? 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ. ನವೆಂಬರಿನಲ್ಲಿ ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡರಲ್ಲೂ ಚಿನ್ನ. ನಮ್ಮ ಶಾಲೆಯ ಹೆಣ್ಣುಮಕ್ಕಳು ಆಟದ ಬಯಲಿನಲ್ಲಿ ಬೆಂಚು ಅಡ್ಡ ಇಟ್ಟು ಹಾರಲು ಶುರು ಮಾಡಿದ್ದು ಆಗಲೇ. ಮುಂದಿನ ವರ್ಷ, 2011ರಲ್ಲಿ, ಅನಬಾಲಿಕ್ ಸ್ಟೀರಾಯ್ಡ್ ಸಿಕ್ಕಿತು ಎಂದು ಅವರನ್ನೂ ಇತರ ಓಟಗಾರ್ತಿಯರನ್ನೂ ಅಮಾನತು ಮಾಡಿದರು. ಅನಬಾಲಿಕ್ ಸ್ಟೀರಾಯ್ಡ್ ಎಂದರೆ ಬೇರೇನಲ್ಲ, ಇದೇ ಟೆಸ್ಟೊಸ್ಟೆರಾನಿನ ದಾಯಾದಿಗಳು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಶಕ್ತಿಮದ್ದಿನಲ್ಲಿ ಅದು ಬೆರೆತಿತ್ತು, ತಮಗೆ ತಿಳಿದಿರಲಿಲ್ಲ ಎಂಬುದು ಓಟಗಾರ್ತಿಯರ ವಾದ. ಉಕ್ರೇನಿನ ತರಬೇತುದಾರ ಯೂರಿ ಒಗೊರೊಡ್ನಿಕ್ ಕೆಲಸ ಕಳೆದುಕೊಂಡರು. ಭಾರತದ ಶಿಸ್ತು ಸಮಿತಿ 2011ರ ಡಿಸೆಂಬರಿನಲ್ಲಿ ಒಂದು ವರ್ಷದ ನಿಷೇಧ ಹಾಕಿತು. ಸಾಲದು ಎಂದು ಅಂತರರಾಷ್ಟ್ರೀಯ ಸಂಸ್ಥೆ ಮೇಲ್ಮನವಿ ಹೋಗಿ, 2012ರಲ್ಲಿ ಅದು ಎರಡು ವರ್ಷವಾಯಿತು. ಆ ವರ್ಷದ ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಒಳಗೆ ಏನು ನಡೆಯಿತೆಂದು ತೀರ್ಪು ಕೊಡಲು ನಾನು ಕುಳಿತಿಲ್ಲ. ಆದರೆ ಕ್ರೀಡಾ ನಿಯಮ ಹೇಳುವುದನ್ನು ಗಮನಿಸಿ: ಕೊಟ್ಟವರು ಯಾರೇ ಇರಲಿ, ನಿನ್ನ ದೇಹದಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ. ಓಡುವವಳಿಗೆ ಇಷ್ಟು ಕಟ್ಟುನಿಟ್ಟು. ಅದಕ್ಕೆಂದು 2022ರಲ್ಲಿ ನಮ್ಮ ಸಂಸತ್ತು ಒಂದು ಕಾನೂನನ್ನೂ ಮಾಡಿತು. ಹಾಗಾದರೆ ಮದ್ದು ಬರೆಯುವವರಿಗೆ, ಮಾರುವವರಿಗೆ ಇದೇ ಕಟ್ಟುನಿಟ್ಟು ಯಾಕಿಲ್ಲ? ನುಂಗಿದವಳ ತಲೆಗೇ ಎಲ್ಲ ಕಟ್ಟುವುದು ಯಾವ ನ್ಯಾಯ?

ದೂರದ ಒಂದು ದೇಶದಲ್ಲಿ ಸ್ವಲ್ಪ ನ್ಯಾಯ ಸಿಕ್ಕಿತು. ಹಿಂದಿನ ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಮುಂದೆ ನಿಂತು, ಹದಿಹರೆಯದ ಹುಡುಗಿಯರಿಗೂ ವಿಟಮಿನ್ ಎಂದು ಹೇಳಿ ನೀಲಿ ಗುಳಿಗೆ ಕೊಡುತ್ತಿತ್ತು. ಅದು ಗಂಡು ಹಾರ್ಮೋನಿನ ಗುಳಿಗೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಆ ಹುಡುಗಿಯರ ಗಡಸು ದನಿಯ ಬಗ್ಗೆ ಕೇಳಿದ್ದಕ್ಕೆ, ಅವರು ಬಂದದ್ದು ಈಜಲು, ಹಾಡಲು ಅಲ್ಲ ಎಂದು ತರಬೇತುದಾರರು ಉತ್ತರ ಕೊಟ್ಟರಂತೆ. ಆ ಮಾತು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. 2000ದಲ್ಲಿ ಬರ್ಲಿನ್ನಿನ ನ್ಯಾಯಾಲಯ ಆ ಯೋಜನೆಯ ಇಬ್ಬರು ದೊಡ್ಡವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ದನಿ ಹೋದ ಹೆಂಗಸರು ಸಾಕ್ಷಿಕಟ್ಟೆಯಲ್ಲಿ ನಿಂತು, ಇದ್ದ ದನಿಯಲ್ಲೇ ಹೇಳಿದರು.

ನನ್ನ ಮಾತಿಗೆ ಎದುರು ಮಾತು ಏನು ಬರುತ್ತದೆ ಎಂದು ಬಲ್ಲೆ. ಎಲ್ಲ ಹೇಳಿದರೆ ರೋಗಿ ಹೆದರಿ ಮದ್ದೇ ಬಿಡುತ್ತಾಳೆ ಎನ್ನುತ್ತಾರೆ. ನಾನು ಹೆದರುತ್ತಿದ್ದೆನೇ? ಇರಬಹುದು. ಆದರೂ ಆ ನೋವಿಗೆ ನಾನು ಮಾತ್ರೆ ನುಂಗಿಯೇ ನುಂಗುತ್ತಿದ್ದೆ. ಆದರೆ ಸ್ವರ ಮೊದಲ ಸಲ ಒಡೆದ ದಿನವೇ ನಿಲ್ಲಿಸಿ ವೈದ್ಯರಲ್ಲಿಗೆ ಓಡುತ್ತಿದ್ದೆ. ಕಷಾಯ ಕುಡಿಯುತ್ತ ಎರಡು ತಿಂಗಳು ಕಳೆಯುತ್ತಿರಲಿಲ್ಲ. ದನಿ ಬದಲಾದರೆ ಅದು ಮರಳದೆ ಇರಬಹುದು ಎಂಬುದು ಈ ಮದ್ದಿನ ಬಗ್ಗೆ ಮೊದಲಿನಿಂದ ಗೊತ್ತಿದ್ದ ವಿಷಯ. ಗೊತ್ತಿಲ್ಲದವಳು ನಾನೊಬ್ಬಳೇ.

ಇನ್ನು ಕೆಲವರು "ಪ್ರಾಣ ಹೋಗುವ ನೋವಿನ ಮುಂದೆ ಸ್ವರ ದೊಡ್ಡದೇ?" ಎನ್ನುತ್ತಾರೆ. ಯಾವುದು ದೊಡ್ಡದು ಎಂದು ತೂಗುವ ತಕ್ಕಡಿ ನನ್ನ ಕೈಯಲ್ಲಿರಬೇಕಿತ್ತು. ಮಾತೇ ಬಂಡವಾಳವಾದ ಮೇಷ್ಟರಮ್ಮನಿಗೆ ಅದು ಅಡುಗೆಯವನ ನಾಲಗೆ, ಚಿನ್ನದ ಕೆಲಸದವರ ಕಣ್ಣು ಇದ್ದ ಹಾಗೆ. ಸಮಯವಿಲ್ಲ, ಹೊರಗೆ ಅರವತ್ತು ಜನ ಕಾಯುತ್ತಿದ್ದಾರೆ ಎನ್ನುವವರಿಗೂ ಒಂದು ಮಾತು. ನನ್ನ ತರಗತಿಯಲ್ಲೂ ಅರವತ್ತು ಮಕ್ಕಳಿದ್ದರು. ಅಷ್ಟು ಮಕ್ಕಳೆಂದು ನಾನು ಪಾಠ ಮಾಡದೆ ಪರೀಕ್ಷೆ ಇಟ್ಟಿದ್ದರೆ ಒಪ್ಪುತ್ತಿದ್ದಿರೇ?

ಹಾಗಾದರೆ ಏನಾಗಬೇಕು?

ಬರೆಯುವವರು ಮೂರು ಮಾತು ಹೇಳಬೇಕು: ಇದು ಯಾಕೆ, ಇದರಿಂದ ಏನೇನು ಬದಲಾಗಬಹುದು, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು. ಹೆಂಗಸಿಗೆ ಈ ಜಾತಿಯ ಮದ್ದು ಬರೆಯುವ ಮೊದಲು ಬಸಿರಿಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು, ಯಾಕೆಂದರೆ ಹೊಟ್ಟೆಯಲ್ಲಿ ಹೆಣ್ಣು ಮಗುವಿದ್ದರೆ ಅದರ ಅಂಗರಚನೆಯೇ ಗಂಡಿನ ಕಡೆಗೆ ವಾಲಬಹುದು. ಎಂಡೊಮೆಟ್ರಿಯೋಸಿಸ್‌ಗೆ ಈಗ ಡೆನಜಾಲಿಗಿಂತ ಬೇರೆ ಮದ್ದುಗಳು ಬಂದಿವೆ. ಆದರೂ ಕೆಲವು ರಕ್ತದ ಕಾಯಿಲೆಗಳಿಗೆ, ಮೈ ಊದಿಕೊಳ್ಳುವ ಒಂದು ವಂಶಪಾರಂಪರ್ಯ ಕಾಯಿಲೆಗೆ ಅದನ್ನು ಇಂದೂ ಕೊಡುತ್ತಾರೆ, ಕೊಡಬೇಕಾಗುತ್ತದೆ. ಹಾಗಾಗಿ ಈ ಮಾತು ಹಳೆಯದಾಗಿಲ್ಲ.

ವಯಸ್ಸಾದ ಗಂಡಸರಿಗೆ ಸುಸ್ತು ಎಂದ ಮಾತ್ರಕ್ಕೆ ಟೆಸ್ಟೊಸ್ಟೆರಾನ್ ಕೊಡುವುದಲ್ಲ. ಎರಡು ಬೇರೆ ಬೇರೆ ದಿನ ಬೆಳಗ್ಗೆ ರಕ್ತ ಪರೀಕ್ಷಿಸಿ, ಎರಡರಲ್ಲೂ ಕಡಿಮೆ ಇದ್ದು, ಲಕ್ಷಣವೂ ಇದ್ದರೆ ಮಾತ್ರ. ಪ್ರೊಸ್ಟೇಟ್ ಕ್ಯಾನ್ಸರ್ ಇದ್ದವರಿಗೆ, ಬೇಗ ಮಕ್ಕಳು ಬೇಕೆನ್ನುವವರಿಗೆ ಕೊಡಬಾರದು. ಕೊಟ್ಟ ಮೇಲೆ ರಕ್ತ ಮಂದವಾಯಿತೇ, ಪ್ರೊಸ್ಟೇಟ್ ಸರಿಯಿದೆಯೇ ಎಂದು ನೋಡುತ್ತಿರಬೇಕು. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ನಿಜವಾಗಿ ಕೊರತೆಯಿದ್ದ ಗಂಡಸರಿಗೆ ಕ್ರಮವಾಗಿ ಕೊಟ್ಟಾಗ ಹೃದಯಾಘಾತ ಹೆಚ್ಚಲಿಲ್ಲ. ಆದರೆ ಎದೆಬಡಿತದ ಏರುಪೇರು, ಶ್ವಾಸಕೋಶಕ್ಕೆ ರಕ್ತದ ಗರಣೆ ಹೋಗುವುದು ಸ್ವಲ್ಪ ಹೆಚ್ಚಿತು. ಕ್ರಮವಾಗಿ ಕೊಟ್ಟರೇ ಹೀಗೆ. ಜಿಮ್ಮಿನ ಮೂಲೆಯಲ್ಲಿ ಕಣ್ಣಳತೆಯಲ್ಲಿ ಚುಚ್ಚಿದರೆ? ಇನ್ನು ಮೈಗೆ ಹಚ್ಚುವ ಜೆಲ್ ಇದ್ದರೆ, ಹಚ್ಚಿದವರು ಕೈ ತೊಳೆದು, ಆ ಜಾಗ ಬಟ್ಟೆಯಿಂದ ಮುಚ್ಚಬೇಕು. ಅಜ್ಜನ ಭುಜಕ್ಕೆ ಒರಗಿದ ಮೊಮ್ಮಗುವಿಗೂ, ಪಕ್ಕದಲ್ಲಿ ಮಲಗಿದ ಹೆಂಡತಿಗೂ ಅದು ಅಂಟುತ್ತದೆ.

ಮಾರುವವರಿಗೆ ಕಾನೂನಿದೆ. ಇವೆಲ್ಲ ಷೆಡ್ಯೂಲ್ ಎಚ್ ಮದ್ದುಗಳು. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಲೇಬಲ್ಲಿನ ಮೇಲಿನ ಕೆಂಪು ಗೆರೆ ಅದನ್ನೇ ಹೇಳುತ್ತದೆ. ಗೆರೆ ಚಂದಕ್ಕೆ ಎಳೆದದ್ದಲ್ಲ.

ಪೆಟ್ಟಿಗೆಯೊಳಗೆ ಮಡಿಸಿಟ್ಟ ಚೀಟಿಯಲ್ಲಿ ಇದೆಲ್ಲ ಬರೆದಿರುತ್ತದೆ, ಇಂಗ್ಲಿಷಿನಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. ಬಿಸ್ಕತ್ತಿನ ಜಾಹೀರಾತಿಗೆ ಕನ್ನಡ ಬೇಕು, ಮದ್ದಿನ ಎಚ್ಚರಿಕೆಗೆ ಬೇಡವೇ? ಹಾರ್ಮೋನ್ ಮದ್ದುಗಳಿಗಾದರೂ ಕನ್ನಡದ ಚೀಟಿ ಕಡ್ಡಾಯವಾಗಲಿ. ಗಂಗೊಳ್ಳಿಯ ಆ ತಾಯಿ ಬಾಟಲಿ ಸೆರಗಿಗೆ ಕಟ್ಟಿಕೊಂಡು ಟೀಚರ ಮನೆ ಹುಡುಕಬೇಕಾಗಿ ಬರಬಾರದು.

ಕಡೆಗೆ ನಾವು. ಅಕ್ಕತಂಗಿಯರೇ, ಕೇಳಿ. ಡಾಕ್ಟರರ ಎದುರು ಬಾಯಿ ಕಟ್ಟಿದವರಂತೆ ಕೂರಬೇಡಿ. "ಇದು ಹಾರ್ಮೋನಾ? ಎಂಥ ಹಾರ್ಮೋನು? ಸ್ವರ, ಕೂದಲು, ಮುಟ್ಟು ಬದಲಾದರೆ ಏನು ಮಾಡಲಿ?" ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡಿದರೆ ಆ ಸಿಟ್ಟು ಅವರದು, ದೇಹ ನಿಮ್ಮದು. ಹಾಗೆಂದು ಈ ಬರಹ ಓದಿ, ನಡೆಯುತ್ತಿರುವ ಮದ್ದನ್ನು ನಾಳೆಯೇ ನೀವಾಗಿ ಬಿಸಾಡಬೇಡಿ. ಒಯ್ದು ತೋರಿಸಿ, ಕೇಳಿ ತಿಳಿದುಕೊಳ್ಳಿ. ಅಡ್ಡ ಪರಿಣಾಮವಾದರೆ ತಿಳಿಸಲು 1800-180-3024 ಎಂಬ ಉಚಿತ ದೂರವಾಣಿ ಇದೆ, ರೋಗಿಯೇ ಹೇಳಬಹುದು. 1999ರಲ್ಲಿ ನನಗೆ ಹೇಳಿಕೊಳ್ಳಲು ಕರಿಮೆಣಸಿನ ಕಷಾಯ ಕೊಟ್ಟ ಅತ್ತೆ ಒಬ್ಬರೇ ಇದ್ದರು.

ನಮ್ಮ ಹಿರಿಯರಿಗೆ ಒಂದು ಹೆದರಿಕೆಯಿತ್ತು: ಆಗದವರು ಊಟದಲ್ಲಿ ಮದ್ದು ಹಾಕಿಯಾರು ಎಂದು. ಪರರ ಮನೆಯಲ್ಲಿ ಎಲೆಯ ಮುಂದೆ ಕುಳಿತಾಗ ಅಜ್ಜಿ ನನ್ನ ಕೈ ಚಿವುಟುತ್ತಿದ್ದಳು. ಆ ಹೆದರಿಕೆಯನ್ನು ಮೂಢನಂಬಿಕೆ ಎಂದು ಬಿಎಡ್ ಓದಿದ ನಾನು ನಕ್ಕಿದ್ದೆ. ಈಗ ಅದರ ಅರ್ಧ ಮಾತ್ರ ಮೂಢ ಎನಿಸುತ್ತದೆ. ಹೇಳದೆ ಕೊಟ್ಟದ್ದನ್ನು ನುಂಗಬಾರದು ಎಂಬ ಉಳಿದರ್ಧ ಸರಿಯಾಗಿಯೇ ಇತ್ತು. ನನ್ನ ವೈದ್ಯರು ನನಗೆ ಆಗದವರೇನಲ್ಲ, ಒಳ್ಳೆಯದನ್ನೇ ಬಯಸಿದವರು. ನೋವೂ ಕಡಿಮೆಯಾಯಿತು, ಸುಳ್ಳು ಹೇಳಬಾರದು.

ಮೊನ್ನೆ ಗಂಗೊಳ್ಳಿಯ ಆ ತಾಯಿ ಫೋನ್ ಮಾಡಿದ್ದಳು. ಮಗ ಇಂಜೆಕ್ಷನ್ ಬಿಟ್ಟು ವರ್ಷ ದಾಟಿದೆ, ಲೆಕ್ಕ ನಿಧಾನಕ್ಕೆ ಏರುತ್ತಿದೆ ಎಂದು ಡಾಕ್ಟರು ಹೇಳಿದ್ದಾರಂತೆ. ನಾನು ಫೋನ್ ಎತ್ತಿ "ಹಲೋ" ಎಂದೊಡನೆ ಅವಳು ತಡೆಯದೆ "ಟೀಚರೇ" ಎಂದಳು. ಈ ಸ್ವರದ ಕಥೆಯನ್ನು ನಾನು ಅವಳಿಗೆ ಹೇಳಿದ್ದೆ.